ಗಿಡ್ಡ ಹಗ್ಗದ ಇನ್ನೊಂದು ತುದಿ

ಒಂದು ದೇಶವಾಗಲಿ, ಉದ್ದಿಮೆಯಾಗಲಿ, ಸ್ಥಳೀಯ ಸಂಸ್ಥೆಯಾಗಲಿ ತನ್ನ ಉಳಿವಿಗೆ ಬೇಕಾದ ವಸ್ತುವನ್ನೋ ಹಣವನ್ನೋ ಇನ್ನೊಬ್ಬರಿಂದ ಪಡೆಯುತ್ತಾ ಹೋಗಿ, ಆ ಪೂರೈಕೆ ನಿಂತರೆ ತನ್ನ ನಿತ್ಯದ ವ್ಯವಹಾರವೇ ನಿಂತುಹೋಗುವ ಸ್ಥಿತಿಯನ್ನು ತಲುಪಿದಾಗ ಅದನ್ನು ಪರಾವಲಂಬನೆ ಎನ್ನಲಾಗುತ್ತದೆ. ಈ ಸ್ಥಿತಿಯನ್ನು ಹೊರಗಿನವರ ಬಲ ಹೇರುತ್ತದೆಯೋ, ಒಳಗಿನವರ ಅನುಕೂಲ ಉಳಿಸಿಕೊಳ್ಳುತ್ತದೆಯೋ ಎಂಬ ಪ್ರಶ್ನೆಯನ್ನು 1956ರಿಂದ 1971ರವರೆಗೆ ಭಾರತಕ್ಕೆ ಬಂದ ಅಮೆರಿಕದ ಗೋಧಿಯನ್ನು ಮುಂದಿಟ್ಟುಕೊಂಡು ಚರ್ಚಿಸುವ ಈ ಸಂವಾದದಲ್ಲಿ ಮಾತನಾಡುವವರು ಇಬ್ಬರು: ಒಬ್ಬರು ಅರ್ಥಶಾಸ್ತ್ರದ ನಿವೃತ್ತ ಅಧ್ಯಾಪಕರು, ಇನ್ನೊಬ್ಬರು ಧಾನ್ಯ ಮತ್ತು ಎಣ್ಣೆಯ ವ್ಯಾಪಾರದಲ್ಲಿ ಪಳಗಿದ ವರ್ತಕರು.

ವರ್ತಕ: ವಿದ್ವಾಂಸರು ಪರಾವಲಂಬನೆಯನ್ನು ದೋಷವೆಂದೇ ಎಣಿಸುವುದು ವ್ಯಾಪಾರಸ್ಥರಿಗೆ ಅಚ್ಚರಿಯ ಸಂಗತಿಯಾಗಿದೆ. ಮಂಡಿಯಲ್ಲಿ ಯಾರೂ ಯಾರನ್ನೂ ನೆಚ್ಚದಿದ್ದರೆ ಒಂದು ದಿನದ ವಹಿವಾಟೂ ನಡೆಯಲಾರದು. ರೈತ ದಲಾಲನನ್ನು, ದಲಾಲ ಖರೀದಿದಾರನನ್ನು, ಖರೀದಿದಾರ ಗಿರಣಿಯವರನ್ನು, ಗಿರಣಿಯವರು ಬ್ಯಾಂಕನ್ನು ನೆಚ್ಚಿಕೊಂಡೇ ಉದ್ರಿಯ ಲೆಕ್ಕಗಳು ಮುಂದುವರಿಯುತ್ತವೆ. ಯಾವ ಪದಾರ್ಥ ಎಲ್ಲಿ ಅಗ್ಗವಾಗಿ ದೊರೆಯುವುದೋ ಅಲ್ಲಿಂದ ತರಿಸಿಕೊಳ್ಳುವುದೇ ವಾಣಿಜ್ಯದ ಮೂಲ ನಿಯಮವಾಗಿರುವಾಗ, ಅದನ್ನೇ ರಾಷ್ಟ್ರದ ಮಟ್ಟದಲ್ಲಿ ದೌರ್ಬಲ್ಯವೆಂದು ಕರೆಯುವುದರಲ್ಲಿ ಏನು ತರ್ಕವಿದೆ?

ಅಧ್ಯಾಪಕ: ತಾವು ವರ್ಣಿಸಿದ ಮಂಡಿಯಲ್ಲಿ ಒಂದು ಗುಣವಿದೆ, ಅದನ್ನು ತಾವು ಹೇಳದೆ ಬಿಟ್ಟಿರಿ: ಒಬ್ಬ ದಲಾಲ ತೂಕದಲ್ಲಿ ಮೋಸ ಮಾಡಿದರೆ ರೈತ ಮುಂದಿನ ವಾರ ಪಕ್ಕದ ಅಂಗಡಿಗೆ ಹೋಗಬಲ್ಲ. ರಾಬರ್ಟ್ ಕಿಯೋಹೇನ್ ಮತ್ತು ಜೋಸೆಫ್ ನೈ ಎಂಬ ರಾಜ್ಯಶಾಸ್ತ್ರಜ್ಞರು 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭೇದವನ್ನೇ ಎರಡು ಪರಿಭಾಷೆಗಳಲ್ಲಿ ವಿವರಿಸಿದರು. ಪೂರೈಕೆ ಏರುಪೇರಾದಾಗ ತಕ್ಷಣ ತಟ್ಟುವ ನೋವನ್ನು ಅವರು ಸಂವೇದ್ಯತೆ ಎಂದರು. ಬದಲಿ ಏರ್ಪಾಡುಗಳನ್ನೆಲ್ಲ ಪ್ರಯತ್ನಿಸಿದ ಮೇಲೂ ಉಳಿಯುವ ನೋವನ್ನು, ಎಂದರೆ ತಪ್ಪಿಸಿಕೊಳ್ಳಲಾಗದ ಹಾನಿಯನ್ನು, ಭೇದ್ಯತೆ ಎಂದರು. ಮಂಡಿಯ ರೈತನಿಗೆ ಇರುವುದು ಮೊದಲನೆಯದು. ಊರಿಗೊಬ್ಬನೇ ಸಾಹುಕಾರನಿದ್ದು, ಬೀಜಕ್ಕೂ ಮದುವೆಗೂ ಆಸ್ಪತ್ರೆಗೂ ಅವನಲ್ಲಿಯೇ ಕಡ ತರಬೇಕಾದ ರೈತನಿಗೆ ಇರುವುದು ಎರಡನೆಯದು. ಎಷ್ಟು ಸರಕು ಹೊರಗಿನಿಂದ ಬರುತ್ತದೆ ಎಂಬುದರಿಂದ ಪರಾವಲಂಬನೆಯನ್ನು ಅಳೆಯಲಾಗದು. ಅದು ನಿಂತರೆ ಎಷ್ಟು ದಿನ ತಾಳಿಕೊಳ್ಳಬಹುದು ಎಂಬುದರಿಂದ ಅಳೆಯಬೇಕಾಗುತ್ತದೆ.

ವರ್ತಕ: ಭಾರತ ಹಾಗೆ ತಾಳಿಕೊಳ್ಳಲಾಗದ ಸ್ಥಿತಿಯಲ್ಲಿದ್ದ ಕಾಲವೆಂದರೆ ಅಮೆರಿಕದ ಗೋಧಿಯ ಕಾಲವೇ ಇರಬೇಕು.

ಅಧ್ಯಾಪಕ: ಅದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. 1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರ್ ಅಂಕಿತ ಹಾಕಿದ ಕೃಷಿ ವ್ಯಾಪಾರ ಅಭಿವೃದ್ಧಿ ಮತ್ತು ನೆರವಿನ ಕಾಯಿದೆ ಅಮೆರಿಕದ 83ನೆಯ ಕಾಂಗ್ರೆಸ್ ಅಂಗೀಕರಿಸಿದ 480ನೆಯ ಸಾರ್ವಜನಿಕ ಕಾನೂನಾದ್ದರಿಂದ ಅದಕ್ಕೆ ಪಿ.ಎಲ್. 480 ಎಂಬ ಹೆಸರು ನಿಂತಿತು. ಆ ಕಾಯಿದೆ ಹುಟ್ಟಿದ್ದು ಹಸಿದವರ ಮೇಲಿನ ಕನಿಕರದಿಂದ ಮಾತ್ರವಲ್ಲ. ಬೆಂಬಲ ಬೆಲೆಯ ನೀತಿಯಿಂದಾಗಿ ಅಮೆರಿಕ ಸರ್ಕಾರದ ಉಗ್ರಾಣಗಳಲ್ಲಿ ರಾಶಿ ಬಿದ್ದ ಧಾನ್ಯವನ್ನು ಕಾಯ್ದಿಡುವ ವೆಚ್ಚ ಏರುತ್ತಲೇ ಇದ್ದು, ಅದನ್ನು ಒಳಮಾರುಕಟ್ಟೆಗೆ ಬಿಟ್ಟರೆ ಅಲ್ಲಿನ ರೈತರ ಬೆಲೆ ಕುಸಿಯುವ ಭಯವಿದ್ದುದರಿಂದ, ಡಾಲರ್ ಇಲ್ಲದ ದೇಶಗಳಿಗೆ ಅವರವರ ನಾಣ್ಯದಲ್ಲಿಯೇ ಮಾರುವ ಉಪಾಯ ಹೊಳೆಯಿತು. ಸರಕಿನ ಅರ್ಧದಷ್ಟಾದರೂ ಅಮೆರಿಕದ ಧ್ವಜದ ಹಡಗುಗಳಲ್ಲಿಯೇ ಸಾಗಬೇಕೆಂಬ ನಿಯಮವೂ ಇದ್ದುದರಿಂದ ಅಲ್ಲಿನ ಹಡಗು ಕಂಪನಿಗಳಿಗೂ ಅದರಲ್ಲಿ ಪಾಲು ದಕ್ಕಿತು. ಭಾರತ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ. 1960ರ ಮೇ ತಿಂಗಳಲ್ಲಿ ಆಹಾರ ಸಚಿವ ಎಸ್.ಕೆ. ಪಾಟೀಲರು ಮಾಡಿಕೊಂಡ ನಾಲ್ಕು ವರ್ಷದ ಒಪ್ಪಂದ 1.6 ಕೋಟಿ ಟನ್ ಗೋಧಿ ಮತ್ತು 10 ಲಕ್ಷ ಟನ್ ಅಕ್ಕಿಯದಾಗಿತ್ತು.

ವರ್ತಕ: ರೂಪಾಯಿಯಲ್ಲಿ ಬೆಲೆ ಕೊಟ್ಟರೆ ಮಾರಿದವರಿಗೆ ಆ ರೂಪಾಯಿಯಿಂದ ಏನು ಪ್ರಯೋಜನ? ವಿದೇಶದಲ್ಲಿ ಚಲಾವಣೆಯಾಗದ ಹಣವನ್ನು ಯಾವ ವ್ಯಾಪಾರಿಯೂ ಸಂಗ್ರಹಿಸಿ ಇಡುವುದಿಲ್ಲ.

ಅಧ್ಯಾಪಕ: ಆ ಹಣದ ಬಹುಪಾಲು ಸಾಲವಾಗಿಯೂ ಅನುದಾನವಾಗಿಯೂ ಭಾರತದ ಯೋಜನೆಗಳಿಗೇ ಮರಳಿತು, ಉಳಿದುದು ಅಮೆರಿಕದ ರಾಯಭಾರ ಕಚೇರಿಯ ಖರ್ಚಿಗೂ ಇತರ ಕಾರ್ಯಗಳಿಗೂ ಹೋಯಿತು. ಅದರಲ್ಲಿ ಕನ್ನಡಿಗರಿಗೆ ಸ್ವಾರಸ್ಯವೆನಿಸುವ ಒಂದು ಬಾಬೂ ಇದೆ: ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು, ಈ ರೂಪಾಯಿ ನಿಧಿಯಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ತನ್ನ ದೇಶದ ವಿಶ್ವವಿದ್ಯಾಲಯಗಳಿಗೆ ಕಳಿಸುತ್ತಿದ್ದುದರಿಂದ, ಕನ್ನಡದ ಎಷ್ಟೋ ಕಾದಂಬರಿ, ಕವನಸಂಕಲನಗಳು ಗೋಧಿಗೆ ಕೊಟ್ಟ ಹಣದಲ್ಲಿ ಷಿಕಾಗೋದಂತಹ ಗ್ರಂಥಾಲಯಗಳನ್ನು ಸೇರಿದವು. ಆದರೂ ಖರ್ಚಾಗದೆ ಉಳಿದ ಮೊತ್ತ ಬೆಳೆಯುತ್ತಲೇ ಹೋಗಿ, ಒಂದು ವಿದೇಶಿ ಸರ್ಕಾರದ ಕೈಯಲ್ಲಿ ಇಷ್ಟೊಂದು ರೂಪಾಯಿ ಇರುವುದೇ ದೆಹಲಿಯ ರಾಜಕಾರಣದಲ್ಲಿ ಸಂಶಯಕ್ಕೆ ಎಡೆಮಾಡಿಕೊಟ್ಟಿತು. ಕೊನೆಗೆ 1974ರ ಫೆಬ್ರುವರಿಯಲ್ಲಿ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಚೆಕ್ಕನ್ನು ಭಾರತ ಸರ್ಕಾರಕ್ಕೆ ಒಪ್ಪಿಸಿದರು.

ವರ್ತಕ: ಹಾಗಿದ್ದರೆ ಧಾನ್ಯ ಬಂತು, ಹಣದ ದೊಡ್ಡ ಪಾಲು ದೇಶದಲ್ಲಿಯೇ ಉಳಿಯಿತು. ಶಾಲೆಯ ಮಕ್ಕಳಿಗೆ ಕೇರ್ ಸಂಸ್ಥೆಯ ಹಾಲಿನ ಪುಡಿ, ಉಪ್ಪಿಟ್ಟಿನ ರವೆ ಬಂದುದೂ ಇದೇ ಕಾಯಿದೆಯ ದಾನದ ಭಾಗದಿಂದಲೇ. ಕರ್ನಾಟಕದಲ್ಲಿ ಒಂದು ತಲೆಮಾರು ಶಾಲೆಯ ಉಪ್ಪಿಟ್ಟನ್ನು ಇಂದಿಗೂ ನೆನೆಯುತ್ತದೆ. ಇಂತಹ ವ್ಯವಹಾರವನ್ನು ಯಾವ ವರ್ತಕನೂ ನಷ್ಟವೆನ್ನಲಾರ.

ಅಧ್ಯಾಪಕ: ಸರಕಿನ ಬೆಲೆಯನ್ನಷ್ಟೇ ನೋಡಿದರೆ ಅದು ನಷ್ಟವಲ್ಲ. ಬೆಲೆಪಟ್ಟಿಯಲ್ಲಿ ಕಾಣದ ಅಂಶ 1965ರಲ್ಲಿ ಕಾಣಿಸಿಕೊಂಡಿತು. ಆ ವರ್ಷದ ಮಧ್ಯದಲ್ಲಿ ಜಾರಿಯಲ್ಲಿದ್ದ ಒಪ್ಪಂದದ ಅವಧಿ ಮುಗಿದಾಗ ಅಧ್ಯಕ್ಷ ಲಿಂಡನ್ ಜಾನ್ಸನ್ ದೀರ್ಘಾವಧಿಯ ಹೊಸ ಒಪ್ಪಂದಕ್ಕೆ ಒಪ್ಪದೆ, ಕೆಲವು ವಾರ, ಕೆಲವು ತಿಂಗಳಿಗೆ ಸಾಲುವಷ್ಟು ಧಾನ್ಯಕ್ಕೆ ಮಾತ್ರ ಒಮ್ಮೊಮ್ಮೆಗೆ ಅನುಮತಿ ಕೊಡುವ ಪದ್ಧತಿಯನ್ನು ತಂದರು. ದನವನ್ನು ಗೂಟಕ್ಕೆ ಕಟ್ಟುವಾಗ ಮೇಯಲು ಹೆಚ್ಚು ದೂರ ಹೋಗದಂತೆ ಹಗ್ಗವನ್ನು ಮೊಟಕು ಮಾಡುವುದನ್ನು ಹೋಲುವ ಈ ನೀತಿಗೆ ಅಲ್ಲಿನವರೇ ಗಿಡ್ಡ ಹಗ್ಗದ ನೀತಿ ಎಂಬರ್ಥದ ಹೆಸರನ್ನಿಟ್ಟರು. ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದೊಡನೆ ಯುದ್ಧ ನಡೆಯಿತು, ಮಳೆ ಕೈಕೊಟ್ಟಿತು. 1964-65ರಲ್ಲಿ 8.9 ಕೋಟಿ ಟನ್ ಇದ್ದ ದೇಶದ ಆಹಾರಧಾನ್ಯದ ಉತ್ಪಾದನೆ 1965-66ರಲ್ಲಿ 7.2 ಕೋಟಿ ಟನ್ನಿಗೆ ಕುಸಿದು, ಮರುವರ್ಷವೂ 7.4 ಕೋಟಿ ಟನ್ನಿನ ಆಸುಪಾಸಿನಲ್ಲಿಯೇ ಉಳಿಯಿತು. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಲು ಜನರನ್ನು ಕೇಳಿಕೊಂಡ ಕಾಲವದು. 1966ರಲ್ಲಿ ಹೊರಗಿನಿಂದ ಬಂದ ಧಾನ್ಯ ಒಂದು ಕೋಟಿ ಟನ್ನನ್ನು ಮೀರಿತು, ಬಂದರಿನಲ್ಲಿ ಇಳಿದ ಗೋಧಿ ದಾಸ್ತಾನಿಗೆ ಹೋಗದೆ ನೇರವಾಗಿ ಪಡಿತರದ ಅಂಗಡಿಗೆ ಹೋಗುತ್ತಿತ್ತು. ಅಂತಹ ಹೊತ್ತಿನಲ್ಲಿ ಯಾವ ಹಡಗು ಯಾವಾಗ ಹೊರಡಬೇಕೆಂಬುದನ್ನು ಜಾನ್ಸನ್ ಸ್ವತಃ ನಿರ್ಧರಿಸುತ್ತಿದ್ದರು. 1966ರ ಜುಲೈನಲ್ಲಿ, ಆ ವೇಳೆಗೆ ಪ್ರಧಾನಿಯಾಗಿದ್ದ ಇಂದಿರಾ ಗಾಂಧಿಯವರು ಮಾಸ್ಕೋ ಭೇಟಿಯ ವೇಳೆ ವಿಯೆಟ್ನಾಂ ಯುದ್ಧದ ಬಗ್ಗೆ ಅಮೆರಿಕಕ್ಕೆ ಹಿತವಾಗದ ನಿಲುವನ್ನು ತಳೆದ ಬಳಿಕ ಹಗ್ಗ ಇನ್ನಷ್ಟು ಬಿಗಿಯಾಯಿತು.

ವರ್ತಕ: ಇದರಿಂದ ಹೊರಗಿನವರ ಬಲವೇ ಪರಾವಲಂಬನೆಯ ಮೂಲವೆಂದು ಸಿದ್ಧವಾಗುವುದಲ್ಲವೆ? ಸಂವಾದದ ಪ್ರಶ್ನೆಗೆ ಇಲ್ಲಿಯೇ ಉತ್ತರ ದೊರೆಯಿತು.

ಅಧ್ಯಾಪಕ: ಜನಸಾಮಾನ್ಯರ ನೆನಪು ಹಾಗೆಯೇ ಹೇಳುತ್ತದೆ. ಕನ್ನಡ ನಾಡಿನ ಹಳ್ಳಿಗಳಲ್ಲಿ ಕಾಂಗ್ರೆಸ್ ಗಿಡವೆಂದು ಹೆಸರಾದ ಪಾರ್ಥೇನಿಯಂ ಕಳೆ ಕೂಡ ಆ ಗೋಧಿಯ ಜೊತೆಗೇ ಬಂತೆಂಬ ನಂಬಿಕೆ ಬಲವಾಗಿದೆ. ಅದಕ್ಕೂ ಬಹಳ ಹಿಂದೆಯೇ ಆ ಸಸ್ಯ ಭಾರತದಲ್ಲಿ ಇದ್ದುದಕ್ಕೆ ಸಸ್ಯಶಾಸ್ತ್ರಜ್ಞರ ದಾಖಲೆ ಇದ್ದರೂ ನಂಬಿಕೆ ಅಳಿದಿಲ್ಲ. ಆದರೆ ಹಗ್ಗಕ್ಕೆ ಎರಡು ತುದಿಗಳಿದ್ದವು, ಅವುಗಳಲ್ಲಿ ಒಂದನ್ನು ಮಾತ್ರ ವಾಷಿಂಗ್ಟನ್ ಹಿಡಿದಿತ್ತು. 1956ರಿಂದ 1965ರವರೆಗಿನ ಒಂಬತ್ತು ವರ್ಷ ಯಾರೂ ಬಲವಂತ ಮಾಡದಿದ್ದಾಗಲೂ ಭಾರತ ಒಪ್ಪಂದದ ಮೇಲೆ ಒಪ್ಪಂದ ಮಾಡಿಕೊಂಡದ್ದು ಏಕೆ ಎಂಬುದು ಕೇಳಬೇಕಾದ ಪ್ರಶ್ನೆ. ಅಗ್ಗದ ಗೋಧಿ ಬಂದರಿಗೆ ಬರುತ್ತಿರುವಾಗ ಸರ್ಕಾರ ಹಳ್ಳಿಗಳಿಗೆ ಹೋಗಿ, ದೊಡ್ಡ ಹಿಡುವಳಿದಾರರನ್ನು ಎದುರು ಹಾಕಿಕೊಂಡು ಧಾನ್ಯ ಸಂಗ್ರಹಿಸಬೇಕಾಗಿರಲಿಲ್ಲ. ಕಲ್ಕತ್ತ, ಮುಂಬಯಿಗಳಂತಹ ನಗರಗಳ ನ್ಯಾಯಬೆಲೆ ಅಂಗಡಿಗಳಿಗೆ ಹಡಗಿನ ಗೋಧಿಯೇ ಸಾಕಾಗುತ್ತಿತ್ತು. ನಗರದಲ್ಲಿ ಹಿಟ್ಟು ಅಗ್ಗವಾಗಿದ್ದರೆ ಕಾರ್ಖಾನೆಗಳ ಮಾಲೀಕರ ಮೇಲೆ ಕೂಲಿಯ ಒತ್ತಡ ಕಡಿಮೆಯಾಗುತ್ತದೆ. ದೊಡ್ಡ ಹಿಟ್ಟಿನ ಗಿರಣಿಗಳಿಗೆ ಒಂದೇ ಗುಣಮಟ್ಟದ ಗೋಧಿ ನಿಯತವಾಗಿ ಸಿಗುತ್ತದೆ. ಭಾರೀ ಕೈಗಾರಿಕೆಗೆ ಒತ್ತು ಕೊಟ್ಟ ಎರಡನೆಯ ಪಂಚವಾರ್ಷಿಕ ಯೋಜನೆಗೆ ಗೋಧಿ ಮಾರಾಟದ ರೂಪಾಯಿ ನೆರವಾಗುತ್ತದೆ. ಇವರಲ್ಲಿ ಯಾರಿಗೂ ಆ ಏರ್ಪಾಡು ಬೇಗ ಮುಗಿಯಲಿ ಎಂಬ ಆತುರವಿರಲಿಲ್ಲ.

ವರ್ತಕ: ನಷ್ಟವಾದದ್ದು ಯಾರಿಗೆ?

ಅಧ್ಯಾಪಕ: ಗೋಧಿ ಬೆಳೆಯುವ ಭಾರತದ ರೈತನಿಗೆ. ಹೊರಗಿನ ಅಗ್ಗದ ಧಾನ್ಯ ಒಳಗಿನ ಬೆಲೆಯನ್ನು ತಗ್ಗಿಸಿ, ಹೆಚ್ಚು ಬೆಳೆಯುವ ಉತ್ಸಾಹವನ್ನೇ ಕುಂದಿಸುತ್ತದೆಂದು ಅರ್ಥಶಾಸ್ತ್ರಜ್ಞ ಥಿಯೊಡೋರ್ ಷುಲ್ಟ್ಜ್ 1960ರಲ್ಲಿಯೇ ಎಚ್ಚರಿಸಿದ್ದರು. ಈ ಪರಿಣಾಮದ ಪ್ರಮಾಣ ಎಷ್ಟೆಂಬುದರ ಬಗ್ಗೆ ವಿದ್ವಾಂಸರಲ್ಲಿ ಆ ಮೇಲೆ ದೀರ್ಘ ವಿವಾದವೇ ನಡೆದಿದೆ. ಪಡಿತರದ ಗೋಧಿ ಬಡವರಿಗೆ ಹೋದಾಗ ಅವರ ಒಟ್ಟು ಬಳಕೆಯೂ ಹೆಚ್ಚುವುದರಿಂದ ಬೆಲೆ ಅಷ್ಟೊಂದು ಬೀಳದೆಂಬ ಪ್ರತಿವಾದಕ್ಕೂ ತೂಕವಿದೆ. ಆದರೆ ಬೆಲೆಗಿಂತ ದೊಡ್ಡ ಹಾನಿ ಸರ್ಕಾರದ ಗಮನ ಬೇರೆಡೆಗೆ ಹೊರಳಿದ್ದು. ರೈತನಿಗೆ ಖಚಿತವಾದ ಬೆಲೆ ಕೊಡಲು ಬೇಕಾದ ಭಾರತೀಯ ಆಹಾರ ನಿಗಮವೂ ಕೃಷಿ ಬೆಲೆ ಆಯೋಗವೂ ಹುಟ್ಟಿದ್ದು 1965ರಲ್ಲಿ, ಎಂದರೆ ಹಗ್ಗ ಗಿಡ್ಡವಾದ ವರ್ಷದಲ್ಲಿ. ಅವುಗಳ ಸಿದ್ಧತೆ ಅದಕ್ಕೂ ಮೊದಲೇ ಸಚಿವ ಸಿ. ಸುಬ್ರಹ್ಮಣ್ಯಂ ಅವರ ಮುಂದಾಳುತನದಲ್ಲಿ ಆರಂಭವಾಗಿತ್ತೆಂಬುದು ನಿಜವಾದರೂ, ಮೊದಲ ಒಪ್ಪಂದದ ಮರುವರ್ಷವೇ ಅವು ಏಕೆ ಹುಟ್ಟಲಿಲ್ಲವೆಂಬ ಪ್ರಶ್ನೆಗೆ ಜಾನ್ಸನ್ ಅವರಲ್ಲಿ ಉತ್ತರವಿಲ್ಲ.

ವರ್ತಕ: ಇದು ಮಂಡಿಯವರಿಗೆ ಅರ್ಥವಾಗುವ ಮಾತು. ಉದ್ರಿ ಸುಲಭವಾಗಿ ಸಿಗುವವರೆಗೆ ಅಂಗಡಿಯವನು ಬಾಕಿ ವಸೂಲಿಗೆ ಹೊರಡುವುದಿಲ್ಲ.

ಅಧ್ಯಾಪಕ: ಈ ಒಳಗಿನ ತುದಿಯನ್ನು ಮೊದಲು ಗುರುತಿಸಿದವರಲ್ಲಿ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ ಒಬ್ಬರು. 1945ರಲ್ಲಿ ಪ್ರಕಟವಾದ ಅವರ ಗ್ರಂಥ 1930ರ ದಶಕದಲ್ಲಿ ಜರ್ಮನಿ ಆಗ್ನೇಯ ಯುರೋಪಿನ ಸಣ್ಣ ದೇಶಗಳ ಬೆಳೆಯನ್ನು ದೊಡ್ಡ ಪ್ರಮಾಣದಲ್ಲಿ ಕೊಂಡುಕೊಳ್ಳುತ್ತಾ ಅವುಗಳ ಮೇಲೆ ಹೇಗೆ ಹಿಡಿತ ಸಾಧಿಸಿತು ಎಂಬುದನ್ನು ವಿವರಿಸುತ್ತದೆ. ವ್ಯಾಪಾರವನ್ನು ನಿಲ್ಲಿಸಬಲ್ಲೆ ಎಂಬ ಶಕ್ತಿಯೇ ರಾಜಕೀಯ ಅಧಿಕಾರದ ಮೂಲವೆಂದು ಹೇಳಿದ ಹರ್ಷ್‌ಮನ್, ಆ ವ್ಯಾಪಾರದಿಂದ ಬದುಕುವ ಒಳಗಿನ ಗುಂಪುಗಳು ತಮ್ಮದೇ ಸರ್ಕಾರದ ಮೇಲೆ ಪ್ರಬಲ ದೇಶದ ಪರವಾಗಿ ಒತ್ತಡ ತರುತ್ತವೆಂಬುದನ್ನೂ ಸೇರಿಸಿದರು. ಹೊರಗಿನ ಪ್ರಭಾವಕ್ಕೆ ಒಳಗೆ ಒಬ್ಬ ವಕೀಲ ಸಿಗದಿದ್ದರೆ ಅದು ಬಹಳ ಕಾಲ ನಿಲ್ಲುವುದಿಲ್ಲ.

ವರ್ತಕ: ಒಂದು ಆಕ್ಷೇಪವನ್ನು ಇಲ್ಲಿ ಎತ್ತಲೇಬೇಕು. ಆ ಗೋಧಿ ಬರದಿದ್ದರೆ 1966-67ರ ಬರಗಾಲದಲ್ಲಿ ಬಿಹಾರದ ಗತಿ ಏನಾಗುತ್ತಿತ್ತು? ಜಯಪ್ರಕಾಶ ನಾರಾಯಣರು ಬಿಹಾರ ಪರಿಹಾರ ಸಮಿತಿಯ ಅಧ್ಯಕ್ಷರಾಗಿ ಗಂಜಿಕೇಂದ್ರಗಳನ್ನು ನಡೆಸಿದರೆಂದು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. ಆದರೆ ಧಾನ್ಯವಿಲ್ಲದೆ ಗಂಜಿಕೇಂದ್ರ ನಡೆಯುವುದಿಲ್ಲ. ಆತ್ಮಗೌರವದ ಲೆಕ್ಕವನ್ನು ಹಸಿದವರ ಹೆಸರಿನಲ್ಲಿ ಬರೆಯುವುದು ಹೊಟ್ಟೆ ತುಂಬಿದವರಿಗೆ ಸುಲಭ.

ಅಧ್ಯಾಪಕ: ಈ ಆಕ್ಷೇಪಕ್ಕೆ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. ಆ ಧಾನ್ಯ ಲಕ್ಷಾಂತರ ಜೀವಗಳನ್ನು ಉಳಿಸಿತು. ಬರಗಾಲದಲ್ಲಿ ಕೈಚಾಚುವುದು ತಪ್ಪಲ್ಲ. ಬರವಿಲ್ಲದ ವರ್ಷಗಳಲ್ಲಿ ಕೈಚಾಚುವುದನ್ನೇ ಆಡಳಿತದ ಪದ್ಧತಿಯಾಗಿ ಮಾಡಿಕೊಂಡದ್ದು ತಪ್ಪು. ಬಿಕ್ಕಟ್ಟಿನ ಬೆಲೆಯೂ ದೊಡ್ಡದಾಗಿತ್ತು: 1966ರ ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಅಪಮೌಲ್ಯಗೊಳಿಸಲಾಯಿತು. ನೆರವು ಕೊಡುವ ದೇಶಗಳೂ ವಿಶ್ವಬ್ಯಾಂಕೂ ಒತ್ತಾಯಿಸಿದ್ದ ಆ ಕ್ರಮದಿಂದ ನಿರೀಕ್ಷಿಸಿದಷ್ಟು ನೆರವು ನಿರಂತರವಾಗಿ ಬರಲಿಲ್ಲವಾಗಿ, ಪ್ರಧಾನಿಯವರಿಗೆ ಉಳಿದದ್ದು ಸಂಸತ್ತಿನ ಒಳಗಿನ, ಹೊರಗಿನ ಟೀಕೆ ಮಾತ್ರ.

ವರ್ತಕ: ಆ ಮೇಲೆ ಹಸಿರು ಕ್ರಾಂತಿ ಬಂದು ದೇಶ ಸ್ವಾವಲಂಬಿಯಾಯಿತೆಂಬುದು ಪಠ್ಯಪುಸ್ತಕದ ಪಾಠ. ಆದರೆ ಆ ಬೀಜವೂ ಮೆಕ್ಸಿಕೋದಿಂದ ಬಂದದ್ದು, ತಂದವರಲ್ಲಿ ಪ್ರಮುಖರು ಅಮೆರಿಕದ ನಾರ್ಮನ್ ಬೋರ್ಲಾಗ್. ಒಂದು ವಿದೇಶಿ ಸರಕನ್ನು ಬಿಟ್ಟು ಇನ್ನೊಂದನ್ನು ಹಿಡಿದದ್ದನ್ನು ಸ್ವಾವಲಂಬನೆ ಎನ್ನಬಹುದೆ?

ಅಧ್ಯಾಪಕ: ಈ ಪ್ರಶ್ನೆಯನ್ನು ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಎಲ್ಲ ಆಮದುಗಳೂ ಒಂದೇ ಜಾತಿಯವಲ್ಲ. 1966ರಲ್ಲಿ ಮೆಕ್ಸಿಕೋದಿಂದ ತರಿಸಿದ್ದು ಲೆರ್ಮಾ ರೋಹೊ ಮುಂತಾದ ಗಿಡ್ಡ ತಳಿಗಳ 18,000 ಟನ್ ಗೋಧಿ ಬೀಜ. ಗೋಧಿ ಸ್ವಕೀಯ ಪರಾಗಸ್ಪರ್ಶದ ಬೆಳೆ, ಎಂದರೆ ಹೂವಿನ ಪರಾಗ ಅದೇ ಹೂವಿನಲ್ಲಿಯೇ ಕೂಡಿ ಕಾಳು ಕಟ್ಟುವುದರಿಂದ, ರೈತ ತನ್ನ ಬೆಳೆಯಿಂದಲೇ ಮುಂದಿನ ವರ್ಷದ ಬೀಜವನ್ನು ತೆಗೆದಿಟ್ಟರೂ ತಳಿಯ ಗುಣ ಬಹುಮಟ್ಟಿಗೆ ಉಳಿಯುತ್ತದೆ. ಆ ಬೀಜವನ್ನು ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಮತ್ತು ಅವರ ಸಹೋದ್ಯೋಗಿಗಳು ಇಲ್ಲಿನ ತಳಿಗಳೊಡನೆ ಕೂಡಿಸಿ ಹೊಸ ತಳಿಗಳನ್ನು ರೂಪಿಸಿದ ಮೇಲೆ ಮೆಕ್ಸಿಕೋದ ಅಗತ್ಯವೇ ಉಳಿಯಲಿಲ್ಲ. ಕರ್ನಾಟಕದ ರಾಗಿಯಲ್ಲಿಯೂ ಇದೇ ಸಂಗತಿ ಕಾಣುತ್ತದೆ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ದುಡಿದು ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಹೆಸರಿನಲ್ಲಿಯೇ ಆಫ್ರಿಕ ಇದ್ದರೂ ಮಂಡ್ಯ, ತುಮಕೂರಿನ ರೈತ ಬಿತ್ತನೆಗಾಗಿ ಆಫ್ರಿಕದ ಹಡಗಿಗೆ ಕಾಯಬೇಕಾಗಿ ಬರಲಿಲ್ಲ. ಒಮ್ಮೆ ಪಡೆದು ಕಲಿತು ಮುಗಿಸಬಹುದಾದ ಸಾಲ ಪರಾವಲಂಬನೆಯಲ್ಲ. ಪ್ರತಿ ಹಂಗಾಮಿಗೂ ಮತ್ತೆ ಮತ್ತೆ ಕೇಳಲೇಬೇಕಾದದ್ದು ಮಾತ್ರ ಪರಾವಲಂಬನೆ.

ವರ್ತಕ: ಹಾಗಾದರೆ ಗೊಬ್ಬರ?

ಅಧ್ಯಾಪಕ: ಗೊಬ್ಬರ ಎರಡನೆಯ ಜಾತಿಗೆ ಸೇರಿದ್ದು. ಗಿಡ್ಡ ತಳಿಯ ಗುಣವೇ ಹೆಚ್ಚು ಗೊಬ್ಬರವನ್ನು ಉಂಡು ಬಾಗದೆ ನಿಂತು ಹೆಚ್ಚು ತೆನೆ ಕೊಡುವುದು. ಆದುದರಿಂದ ಬೀಜದ ಅವಲಂಬನೆ ಮುಗಿದಲ್ಲಿ ಗೊಬ್ಬರದ ಅವಲಂಬನೆ ಆರಂಭವಾಯಿತು. 1965ರ ನವೆಂಬರ್‌ನಲ್ಲಿ ರೋಮ್ ನಗರದಲ್ಲಿ ಸುಬ್ರಹ್ಮಣ್ಯಂ ಮತ್ತು ಅಮೆರಿಕದ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್ ನಡುವೆ ಆದ ತಿಳಿವಳಿಕೆಯಲ್ಲಿಯೂ ಗೊಬ್ಬರಕ್ಕೆ ಮುಖ್ಯ ಸ್ಥಾನವಿತ್ತು. ಪಣಂಬೂರಿನ ಕಾರ್ಖಾನೆಯೂ ಸೇರಿದಂತೆ ದೇಶದಲ್ಲಿ ಯೂರಿಯಾ ಘಟಕಗಳು ಎದ್ದವು, ಆದರೆ ಅವುಗಳಿಗೆ ಬೇಕಾದ ನೈಸರ್ಗಿಕ ಅನಿಲದ ದೊಡ್ಡ ಭಾಗ ಇಂದು ಹಡಗಿನಲ್ಲಿಯೇ ಬರುತ್ತದೆ. ರಂಜಕಕ್ಕೆ ಮೊರಾಕೊ, ಜೋರ್ಡಾನ್‌ಗಳ ಕಡೆ ನೋಡಬೇಕು. ಪೊಟ್ಯಾಷಂತೂ ಕೆನಡಾ, ರಷ್ಯಾ, ಬೆಲಾರೂಸ್‌ನಂತಹ ಕೆಲವೇ ದೇಶಗಳ ಗಣಿಗಳಿಂದ ಬರಬೇಕು. 1967-68ರಲ್ಲಿ ಉತ್ಪಾದನೆ 9.5 ಕೋಟಿ ಟನ್ನಿಗೆ ಏರಿತು, 1968ರ ಗೋಧಿಯ ಸುಗ್ಗಿಯ ಸ್ಮರಣೆಗೆ ಅಂಚೆಚೀಟಿಯೂ ಬಂತು, 1971ರ ಕೊನೆಗೆ ರಿಯಾಯಿತಿ ಗೋಧಿಯ ಆಮದು ನಿಂತಿತು. ಇವೆಲ್ಲ ದೊಡ್ಡ ಸಾಧನೆಗಳೇ. ಆದರೂ ಸ್ವಾವಲಂಬನೆ ಎಂದು ಹೆಸರಿಟ್ಟದ್ದು ಒಂದು ಅವಲಂಬನೆಯಿಂದ ಹೆಚ್ಚು ತಾಳಿಕೆಯುಳ್ಳ ಇನ್ನೊಂದು ಅವಲಂಬನೆಗೆ ಸಾಗಿದ್ದನ್ನು ಎಂಬುದೇ ನ್ಯಾಯವಾದ ತೀರ್ಮಾನ. ಗೊಬ್ಬರ ಮಾರುವವರು ಹಲವರಿದ್ದಾರೆ, ಗೋಧಿ ಕೊಡುತ್ತಿದ್ದುದು ಬಹುತೇಕ ಒಬ್ಬರೇ; ಇಷ್ಟೇ ವ್ಯತ್ಯಾಸ, ಆದರೆ ಸಣ್ಣ ವ್ಯತ್ಯಾಸವಲ್ಲ.

ವರ್ತಕ: ಎಣ್ಣೆಯ ವ್ಯಾಪಾರಸ್ಥರು ಇದಕ್ಕಿಂತ ವಿಚಿತ್ರವಾದ ಕತೆಯನ್ನು ಕಂಡಿದ್ದಾರೆ. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಆರಂಭಿಸಿದಾಗ ದೇಶದ ಎಣ್ಣೆಕಾಳಿನ ಉತ್ಪಾದನೆ 1.1 ಕೋಟಿ ಟನ್ನಿನ ಆಸುಪಾಸಿನಲ್ಲಿತ್ತು. 1993-94ರ ಹೊತ್ತಿಗೆ ಅದು ಸುಮಾರು ಎರಡು ಪಟ್ಟಾಗಿ, ಅಡುಗೆ ಎಣ್ಣೆಯ ಆಮದು ಬಹುತೇಕ ನಿಂತೇಹೋಗಿತ್ತು. ಆ ಮೇಲೆ 1994ರಲ್ಲಿ ಪಾಮೊಲಿನ್ ಆಮದಿಗೆ ಬಾಗಿಲು ತೆರೆಯಿತು. ಆರಂಭದಲ್ಲಿ ಶೇ 65 ಇದ್ದ ಸುಂಕ ನಾಲ್ಕೇ ವರ್ಷಗಳಲ್ಲಿ ಶೇ 15ಕ್ಕೆ ಇಳಿಯಿತು. ಎಣ್ಣೆಯ ಊರೆಂದು ಹೆಸರಾಗಿದ್ದ ಚಳ್ಳಕೆರೆಯಲ್ಲಿ ಶೇಂಗಾ ಅರೆಯುತ್ತಿದ್ದ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅದಕ್ಕೆ ಮಳೆಯ ಅಭಾವವೂ ಬೆಳೆಯ ರೋಗವೂ ಕಾರಣವೆಂಬುದನ್ನು ಮರೆಮಾಚಬೇಕಾಗಿಲ್ಲ. ಬಂದರಿನ ಬಳಿ ಕಚ್ಚಾ ಎಣ್ಣೆಯನ್ನು ಶುದ್ಧೀಕರಿಸುವ ದೊಡ್ಡ ಘಟಕಗಳು ತಲೆಯೆತ್ತಿದವು. ಇಂದು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು, ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಟನ್, ಹೊರಗಿನಿಂದ ಬರುತ್ತದೆ.

ಅಧ್ಯಾಪಕ: ತಾವು ಹೇಳಿದ ಈ ಸಂಗತಿಯಲ್ಲಿ ಜಾನ್ಸನ್ ಅವರಂತಹ ಒಬ್ಬ ಅಧ್ಯಕ್ಷ ಎಲ್ಲಿದ್ದಾರೆ?

ವರ್ತಕ: ಎಲ್ಲಿಯೂ ಇಲ್ಲ. ವಿಶ್ವ ವಾಣಿಜ್ಯ ಒಪ್ಪಂದದಲ್ಲಿ ಭಾರತ ಒಪ್ಪಿಕೊಂಡ ಮಿತಿಗಿಂತ ಬಹಳ ಕೆಳಕ್ಕೆ ಪಾಮ್ ಎಣ್ಣೆಯ ಸುಂಕವನ್ನು ಇಳಿಸಿದ್ದು ಇಲ್ಲಿನ ಸರ್ಕಾರಗಳೇ. ಎಣ್ಣೆಯ ಬೆಲೆ ಏರಿದರೆ ಚುನಾವಣೆಯಲ್ಲಿ ಪೆಟ್ಟು ಬೀಳುತ್ತದೆ. ಶೇಂಗಾದ ಬೆಲೆ ಇಳಿದರೆ ಹಾಗೆ ಬೀಳುವುದಿಲ್ಲ, ಏಕೆಂದರೆ ಎಣ್ಣೆ ಕೊಳ್ಳುವವರು ಎಲ್ಲೆಡೆ ಇದ್ದಾರೆ, ಶೇಂಗಾ ಬೆಳೆಯುವವರು ಒಣಭೂಮಿಯ ಕೆಲವೇ ಜಿಲ್ಲೆಗಳಲ್ಲಿದ್ದಾರೆ. ಆದರೂ ಒಂದು ಮಾತನ್ನು ನ್ಯಾಯಕ್ಕಾಗಿ ಹೇಳಬೇಕು: ಅಗ್ಗದ ಪಾಮ್ ಎಣ್ಣೆ ಬಂದ ಮೇಲೆಯೇ ಬಡವರ ಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಧಾರಾಳವಾಯಿತು. ಸ್ವಾವಲಂಬನೆಯ ಖರ್ಚನ್ನು ಯಾರ ಜೇಬಿನಿಂದ ತೆಗೆಯಬೇಕೆಂಬುದನ್ನು ಹೇಳದೆ ಅದನ್ನು ಬೋಧಿಸುವವರು ಈ ಮನೆಗಳನ್ನು ನೋಡಿದಂತಿಲ್ಲ.

ಅಧ್ಯಾಪಕ: ಖರ್ಚು ಬಡವರ ಜೇಬಿನಿಂದ ಬರಬಾರದೆಂಬುದು ಒಪ್ಪತಕ್ಕದ್ದೇ. ಆದರೆ ಪರಾವಲಂಬನೆಗೂ ಖರ್ಚಿದೆ, ಅದರ ಬಿಲ್ಲು ತಡವಾಗಿ ಬರುತ್ತದೆ. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಯುದ್ಧ ಆರಂಭವಾದಾಗ ಸೂರ್ಯಕಾಂತಿ ಎಣ್ಣೆಯ ಬಹುಪಾಲನ್ನು ರಷ್ಯಾ, ಉಕ್ರೇನ್‌ಗಳಿಂದಲೇ ತರಿಸುತ್ತಿದ್ದ ಭಾರತದಲ್ಲಿ ಬೆಲೆ ಜಿಗಿಯಿತು. ಒಂದು ಕಾಲಕ್ಕೆ ದೇಶದ ಸೂರ್ಯಕಾಂತಿಗೆ ಹೆಸರಾಗಿದ್ದ ಕರ್ನಾಟಕದಲ್ಲಿ ಆ ಬೆಳೆಯ ಕ್ಷೇತ್ರ ಅದಾಗಲೇ ಕುಗ್ಗಿಹೋಗಿತ್ತು. ಅದೇ ಏಪ್ರಿಲ್ 28ರಂದು ಇಂಡೋನೇಷ್ಯಾ ತನ್ನ ಜನರಿಗೆ ಎಣ್ಣೆ ಸಾಲದೆಂದು ಪಾಮ್ ಎಣ್ಣೆಯ ರಫ್ತನ್ನು ನಿಷೇಧಿಸಿತು. ಭಾರತದ ಮೇಲೆ ಅದಕ್ಕೆ ಯಾವ ಮುನಿಸೂ ಇರಲಿಲ್ಲ. ಮೇ 23ಕ್ಕೆ ನಿಷೇಧ ತೆರವಾಯಿತು. ಆದರೆ ಗಿಡ್ಡ ಹಗ್ಗವನ್ನು ಹಿಡಿಯಲು ಶತ್ರುವೇ ಬೇಕಾಗಿಲ್ಲವೆಂಬುದಕ್ಕೆ ಆ 25 ದಿನಗಳು ಸಾಕಷ್ಟು ಪ್ರಮಾಣವಾದವು.

ವರ್ತಕ: ದೇಶ ದೇಶಗಳ ನಡುವಿನ ಮಾತಾಯಿತು. ಸಾರ್ವಜನಿಕ ಜೀವನದ ಒಳಗಡೆ, ಒಂದೇ ಸಂವಿಧಾನದ ಅಡಿಯಲ್ಲಿ ಇರುವವರ ನಡುವೆಯೂ ಈ ನಿಯಮ ನಡೆಯುವುದೆ?

ಅಧ್ಯಾಪಕ: ಪಂಚಾಯತಿಗಳನ್ನು ನೋಡಿದರೆ ಸಾಕು. ಸಚಿವ ಅಬ್ದುಲ್ ನಜೀರ್‌ಸಾಬರ ಕಾಲದ 1983ರ ಕಾಯಿದೆಯಿಂದ ಅಧಿಕಾರ ವಿಕೇಂದ್ರೀಕರಣದಲ್ಲಿ ದೇಶಕ್ಕೆ ದಾರಿ ತೋರಿದ ರಾಜ್ಯ ಕರ್ನಾಟಕ. 73ನೆಯ ತಿದ್ದುಪಡಿಯ ಬಳಿಕ ಪಂಚಾಯತಿಗಳಿಗೆ ಸಂವಿಧಾನದ ಸ್ಥಾನವೂ ದೊರೆಯಿತು. ಆದರೂ ಗ್ರಾಮ ಪಂಚಾಯತಿಯ ಖಜಾನೆಗೆ ಬರುವ ಹಣದ ಹೆಚ್ಚಿನ ಭಾಗ ಮೇಲಿನಿಂದ, ಇಂಥದ್ದಕ್ಕೇ ಖರ್ಚು ಮಾಡಬೇಕೆಂಬ ಷರತ್ತಿನೊಡನೆ ಬರುತ್ತದೆ. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಕೊಟ್ಟ ಸ್ಥಳೀಯ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದದ್ದು. ಇಂತಹ ನಿರ್ಬಂಧಿತ ಅನುದಾನವನ್ನು ಮೇಲಿನವರ ಯಜಮಾನಿಕೆಯೆಂದು ದೂರುವುದು ವಾಡಿಕೆ, ಆ ದೂರಿನಲ್ಲಿ ಸತ್ಯವೂ ಇದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದಿದ್ದುದು ಮೇಲಿನವರ ಮನಸ್ಸನ್ನು ತೋರಿಸುತ್ತದೆ. ಆದರೆ ಮನೆ ಕಂದಾಯ ಹಾಕುವ, ಎತ್ತುವ ಅಧಿಕಾರ ಪಂಚಾಯತಿಗೇ ಇದ್ದೂ ಅದನ್ನು ಪೂರ್ತಿ ಬಳಸದಿರುವುದಕ್ಕೆ ಕಾರಣ ಬೆಂಗಳೂರಿನಲ್ಲಿಲ್ಲ. ಪಕ್ಕದ ಮನೆಯವನಿಗೆ ಕಂದಾಯದ ನೋಟಿಸು ಕೊಡುವುದಕ್ಕಿಂತ ಶಾಸಕರ ಮನೆಗೆ ಅನುದಾನದ ಅರ್ಜಿ ಒಯ್ಯುವುದು ಸದಸ್ಯನಿಗೆ ಹಗುರವಾದ ಕೆಲಸ. ಶಾಸಕರಿಗೂ ಆ ಅರ್ಜಿ ಬರುತ್ತಿರುವುದೇ ಹಿತ.

ವರ್ತಕ: ಹಾಗಿದ್ದರೆ ಪರಾವಲಂಬನೆಯಿಂದ ಬಿಡುಗಡೆ ಎಂಬುದೇ ಇಲ್ಲವೆಂದಾಯಿತು. ಯಾವ ದೇಶವೂ ಪೊಟ್ಯಾಷಿನ ಗಣಿಯನ್ನು ಬೇಕೆಂದಲ್ಲಿ ಹುಟ್ಟಿಸಲಾರದು.

ಅಧ್ಯಾಪಕ: ಪೂರ್ಣ ಬಿಡುಗಡೆಯನ್ನು ಹುಡುಕುವುದು ವ್ಯರ್ಥ, ಹಲವು ಸಲ ಹಾನಿಕರವೂ ಹೌದು. ಮಾಡಬಹುದಾದದ್ದು ತಾಳುವ ದಿನಗಳನ್ನು ಹೆಚ್ಚಿಸುವುದು, ಮತ್ತು ಒಳಗಿನ ತುದಿಯನ್ನು ಹಿಡಿದವರು ಯಾರೆಂಬುದನ್ನು ಬಹಿರಂಗವಾಗಿ ಹೆಸರಿಸುವುದು. ಗೋಧಿಯ ಪಾಠವನ್ನು ದೇಶ ಧಾನ್ಯದ ಮಟ್ಟಿಗೆ ಕಲಿತಿದೆ: ಪ್ರತಿ ಜುಲೈ 1ಕ್ಕೆ ಕೇಂದ್ರದ ಉಗ್ರಾಣಗಳಲ್ಲಿ ಗೋಧಿ ಮತ್ತು ಅಕ್ಕಿ ಸೇರಿ 411.2 ಲಕ್ಷ ಟನ್ ಇರಬೇಕೆಂಬ ನಿಯಮವಿದೆ, ಇದನ್ನು ಕಾಪು ದಾಸ್ತಾನು ಎನ್ನುತ್ತಾರೆ. ಕಚ್ಚಾ ತೈಲಕ್ಕೂ ಅದೇ ಯೋಚನೆಯಿಂದ ವಿಶಾಖಪಟ್ಟಣದಲ್ಲಿ, ಮಂಗಳೂರಿನಲ್ಲಿ ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ನೆಲದಡಿಯ ಬಂಡೆಯನ್ನು ಕೊರೆದು ಭಾರೀ ಗುಹೆಗಳನ್ನು ಮಾಡಲಾಗಿದೆ.

ವರ್ತಕ: ಅವು ಎಷ್ಟು ದಿನಕ್ಕೆ ಸಾಲುತ್ತವೆ?

ಅಧ್ಯಾಪಕ: ಮೂರರ ಒಟ್ಟು ಸಾಮರ್ಥ್ಯ 53.3 ಲಕ್ಷ ಟನ್, ಅದರಲ್ಲಿ 40 ಲಕ್ಷ ಟನ್ ಮಂಗಳೂರು ಮತ್ತು ಪಾದೂರಿನದು. ಪೂರ್ತಿ ತುಂಬಿದ್ದರೆ ದೇಶದ ಸುಮಾರು 9.5 ದಿನದ ಅಗತ್ಯಕ್ಕೆ ಸಾಕು. ತೈಲ ಕಂಪನಿಗಳ ಬಳಿ ಇರುವ ದಾಸ್ತಾನು ಇದಕ್ಕೆ ಹೊರತು.

ವರ್ತಕ: ಅಡುಗೆ ಎಣ್ಣೆಗೆ ಅಷ್ಟೂ ಇಲ್ಲ. ಧಾನ್ಯಕ್ಕೆ ಇರುವಂತಹ ಸರ್ಕಾರಿ ಕಾಪು ದಾಸ್ತಾನು ಅದಕ್ಕಿಲ್ಲವಾದ್ದರಿಂದ, ಬಂದರುಗಳ ಟ್ಯಾಂಕಿನಲ್ಲಿ, ದಾರಿಯಲ್ಲಿರುವ ಹಡಗುಗಳಲ್ಲಿ, ವ್ಯಾಪಾರಸ್ಥರ ಗೋದಾಮುಗಳಲ್ಲಿ ಆ ಹೊತ್ತಿಗೆ ಎಷ್ಟಿದೆಯೋ ಅಷ್ಟೇ ದೇಶದ ದಾಸ್ತಾನು.